ದೀಪಾವಳಿಗೆ ಏರುತ್ತಿದ್ದ ಗೆರೆ

೧೯೫೯ನೇ ಇಸವಿ. ನಾನಾಗ ದಾವಣಗೆರೆಯ ಒಂದು ಪೊಲೀಸ್ ಠಾಣೆಯಲ್ಲಿ ಸ್ಟೇಷನ್ ರೈಟರ್ ಆಗಿದ್ದೆ. ಠಾಣೆ ಯಾವುದು ಅಂತ ಹೇಳುವುದಿಲ್ಲ. ತಪ್ಪು ಠಾಣೆಯದಲ್ಲ, ನನ್ನದು. ರೈಟರ್ ಅಂದರೆ ದೂರು ಕೊಡಲು ಬಂದವರ ಮಾತು ಕೇಳಿ, ಅದಕ್ಕೊಂದು ನಂಬರು ಹಾಕಿ, ದಪ್ಪ ರಿಜಿಸ್ಟರಿನಲ್ಲಿ ಇಳಿಸುವ ಹೆಡ್ ಕಾನ್‌ಸ್ಟೇಬಲ್. ಊರಿನಲ್ಲಿ ಎಷ್ಟು ಅಪರಾಧ ನಡೆಯಿತು ಅನ್ನುವುದು ಸರ್ಕಾರಕ್ಕೆ ಗೊತ್ತಾಗುವುದು ಅವನ ಪೆನ್ನಿನಿಂದ. ಅವನು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ಇಪ್ಪತ್ತೇಳು ವರ್ಷದವನ ಕೈಗೆ ಇಷ್ಟು ಅಧಿಕಾರ ಕೊಟ್ಟರೆ ಕೋತಿಗೆ ಹೆಂಡ ಕುಡಿಸಿದ ಹಾಗೇ ಸರಿ.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೊದಲು ಕಾಣುವುದು ಹತ್ತಿ. ಜಿನ್ನಿಂಗ್ ಮಿಲ್ಲುಗಳಿಂದ ಹಾರಿದ ಎಳೆಗಳು ಗಾಳಿಯಲ್ಲಿ ತೇಲಿಕೊಂಡು ಬಂದು ಠಾಣೆಯ ಕಿಟಕಿ ಸರಳಿಗೆ, ಪೇದೆಗಳ ಟೋಪಿಗೆ, ನನ್ನ ಮಸಿಕುಡಿಕೆಯ ಬಾಯಿಗೆ ಅಂಟಿಕೊಳ್ಳುತ್ತಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿಗೆ ಬೀದಿಯೇ ಅರೆನಿದ್ದೆಯಲ್ಲಿ ಕಂಡ ಹಾಗೆ ಮಸುಕಾಗಿ ಇರುತ್ತಿತ್ತು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹುರಿದ ಅಕ್ಕಿಯ ವಾಸನೆ ಬರುತ್ತಿತ್ತು. ಮಿಲ್ಲಿನ ಸೀಟಿ ಕೂಗಿದಾಗಲೇ ಊರಿಗೆ ಎಚ್ಚರ. ನನಗೆ ಎಚ್ಚರವಾಗಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು.

ಆ ವರ್ಷದ ಬೇಸಿಗೆಯಲ್ಲಿ ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದ್ದರು. ಮನುಷ್ಯ ಅಪರಾಧ ಯಾಕೆ ಮಾಡುತ್ತಾನೆ, ಅದನ್ನು ಲೆಕ್ಕ ಹಿಡಿಯುವುದು ಹೇಗೆ ಅನ್ನುವುದು ಪಾಠ. ಒಬ್ಬ ಮೇಷ್ಟ್ರು ಬಂದು ಎಲ್ಲಕ್ಕೂ ಹಸಿವೇ ಕಾರಣ ಅಂದರು. ಇನ್ನೊಬ್ಬರು, ಅದು ರಕ್ತದಲ್ಲೇ ಬರುವ ಗುಣ ಅನ್ನುತ್ತಿದ್ದರಂತೆ ಹಿಂದಿನವರು, ಈಗ ಆ ವಾದ ಬಿದ್ದುಹೋಗಿದೆ ಅಂದರು. ಮತ್ತೊಬ್ಬರು ಸಹವಾಸ ಅಂದರು. ಕೊನೆಗೆ ದಪ್ಪ ಕನ್ನಡಕದ ಒಬ್ಬ ಮುದುಕರು, ಅಪರಾಧಕ್ಕೂ ಒಂದು ಋತುಮಾನ ಇದೆ, ತಿಂಗಳುವಾರು ಗೆರೆ ಎಳೆದು ನೋಡಿ ಅಂತ ಗ್ರಾಫ್ ಹಾಳೆ ಹಂಚಿದರು. ಹಂಚುತ್ತಾ, "ಒಂದು ನೆನಪಿರಲಿ. ನೀವು ಎಣಿಸೋದು ನಡೆದ ಅಪರಾಧವನ್ನಲ್ಲ, ನಿಮ್ಮ ಬಾಗಿಲಿಗೆ ಬಂದದ್ದನ್ನ," ಅಂದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಚೆಂದವಾಗಿ ಬರೆದುಕೊಂಡೆ. ಬರೆದದ್ದೆಲ್ಲ ತಲೆಗೆ ಹೋಗಿದ್ದರೆ ಈ ಕಥೆ ಹೇಳುವ ಕೆಲಸ ಇರುತ್ತಿರಲಿಲ್ಲ.

ಊರಿಗೆ ಬಂದವನೇ ಹಳೆಯ ರಿಜಿಸ್ಟರುಗಳನ್ನು ಹರಡಿಕೊಂಡು ಕೂತೆ. ನಮ್ಮ ಠಾಣೆಗೆ ಹೆಚ್ಚು ಬರುತ್ತಿದ್ದದ್ದು ಪಾತ್ರೆ ಕಳವಿನ ದೂರು. ತಾಮ್ರದ ಕೊಡ, ಹಿತ್ತಾಳೆ ಕೊಳಗ, ತಪ್ಪಲೆ. ನಾಲ್ಕು ವರ್ಷದ ದೂರುಗಳನ್ನು ತಿಂಗಳುವಾರು ಬಿಡಿಸಿ ಗೆರೆ ಎಳೆದೆ. ವರ್ಷವೆಲ್ಲ ನೆಲಕ್ಕೆ ಅಂಟಿಕೊಂಡು ಮಲಗಿದ್ದ ಗೆರೆ ದೀಪಾವಳಿಯ ಹೊತ್ತಿಗೆ ಸರ್ರಂತ ಎದ್ದು ನಿಲ್ಲುತ್ತಿತ್ತು. ನಾಲ್ಕು ವರ್ಷವೂ ಹಾಗೇ! ನನಗೆ ಆದ ಸಂತೋಷ ಹೇಳತೀರದು. ಆ ಹೊತ್ತಿಗೆ ಊರಿನಲ್ಲಿ ಏನು ನಡೆಯುತ್ತದೆ ಅಂತ ಯೋಚಿಸಿದೆ. ದೀಪಾವಳಿಗೆ ಮುಂಚೆ ಕಲಾಯಿಯವರು ಬೀದಿ ಬೀದಿ ತಿರುಗುತ್ತಾರೆ. ಹಿತ್ತಾಳೆ ಪಾತ್ರೆಯೊಳಗೆ ತವರ ಬಳಿಯದೆ ಅಡಿಗೆ ಮಾಡಿದರೆ ಕಿಲುಬು ಹತ್ತುತ್ತದೆ, ಅದಕ್ಕೆ. ದೂರುಗಳಲ್ಲಿ "ಯಾರ ಮೇಲಾದರೂ ಅನುಮಾನವೇ?" ಅನ್ನುವ ಕಾಲಂ ನೋಡಿದೆ. ಹಲವು ಕಡೆ ಒಂದೇ ಹೆಸರು, ನನ್ನದೇ ಕೈಬರಹದಲ್ಲಿ: ಕಲಾಯಿ ಮೌಲಾಸಾಬ.

ಮೌಲಾಸಾಬ ನಮ್ಮ ಬೀದಿಗೂ ಬರುತ್ತಿದ್ದವನು. ಐವತ್ತರ ಆಸುಪಾಸು, ಬಡಕಲು ದೇಹ, ಮೊಣಕೈವರೆಗೆ ಮಸಿ. ಬೇವಿನ ಮರದ ಕೆಳಗೆ ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಹಾಕುತ್ತಿದ್ದ. ಹೆಂಡತಿ ಬೀಬಿಜಾನ್ ತಿದಿ ಒತ್ತುತ್ತಿದ್ದಳು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ತಿಕ್ಕಿದರೆ ಬಿಳಿ ಹೊಗೆ ಏಳುತ್ತಿತ್ತು. ಹೊಗೆ ಸರಿದಾಗ ಕಪ್ಪು ಪಾತ್ರೆಯ ಒಳಗೆ ಬೆಳದಿಂಗಳು. ಚಿಕ್ಕವನಿದ್ದಾಗ ಅದನ್ನು ನೋಡುತ್ತಾ ಸ್ಕೂಲು ಮರೆತದ್ದುಂಟು.

ಗ್ರಾಫನ್ನು ನಮ್ಮ ಸಬ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ತೋರಿಸಿದೆ. ಅವರು ಕೆಟ್ಟವರೇನಲ್ಲ, ಅವಸರದವರು. "ಭಲೇ ತಿಪ್ಪೇಸ್ವಾಮಿ! ನಾನು ಮೊದಲೇ ಹೇಳಿರಲಿಲ್ವಾ, ಕೆಲವರಿಗೆ ಅದು ರಕ್ತದಲ್ಲೇ ಇರ್ತದೆ," ಅಂದರು. ಬೆಂಗಳೂರಿನಲ್ಲಿ ಬಿದ್ದುಹೋಗಿದ್ದ ವಾದ ನಮ್ಮ ಠಾಣೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿತ್ತು. ನನಗೆ ಅದು ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಹೊಗಳಿಕೆ ಬೆಣ್ಣೆಯಷ್ಟು ನುಣ್ಣಗೆ ಇಳಿಯುತ್ತಿತ್ತು. ಅವತ್ತೇ ಮೌಲಾಸಾಬನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಒಬ್ಬ ಮನುಷ್ಯನ ಮೇಲೆ ಠಾಣೆ ಕಣ್ಣಿಟ್ಟಿರಬೇಕು ಅಂತ ತೆರೆಯುವ ಕಡತ ಅದು. ಕೋರ್ಟಿನಲ್ಲಿ ಏನೂ ಸಾಬೀತಾಗಿರಬೇಕಿಲ್ಲ. ಪ್ರತಿ ಸೋಮವಾರ ಬಂದು ಹೆಬ್ಬೆಟ್ಟು ಒತ್ತಬೇಕು, ಊರು ಬಿಟ್ಟರೆ ಹೇಳಿ ಹೋಗಬೇಕು ಅಂತ ಅವನಿಗೆ ಹೇಳಿದರು. ಶೀಟಿನ ಮೊದಲ ಹಾಳೆ ಬರೆದವನು ನಾನೇ.

ಮೌಲಾಸಾಬ ಅವತ್ತು ನನ್ನ ಮೇಜಿನ ಮುಂದೆ ನಿಂತು ಕೇಳಿದ: "ರೈಟರ್ ಸಾಹೇಬ್ರ, ಪೊಲೀಸ್ರು ಹಿಂದೆ ಬಿದ್ದಾರೆ ಅಂದ್ರೆ ನಂಗೆ ಪಾತ್ರೆ ಯಾರು ಕೊಡ್ತಾರ‍್ರಿ? ಕೊಡೋದೇ ನಂಬ್ಕೆ ಮ್ಯಾಲೆ." ನಾನು ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದೆ.

ಅವನು ಹೇಳಿದ ಹಾಗೇ ಆಯಿತು. ಬೀದಿಯಲ್ಲಿ "ಕಲಾಯೀ..." ಅಂತ ಕೂಗಿದರೆ ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ವರ್ಷದ ಅನ್ನವನ್ನು ಅವನು ದುಡಿಯುತ್ತಿದ್ದದ್ದು ದಸರೆಗೂ ದೀಪಾವಳಿಗೂ ನಡುವಿನ ಆ ಕೆಲವೇ ದಿನಗಳಲ್ಲಿ. ಹಬ್ಬದ ವಾರದ ಸೋಮವಾರ ಅವನು ಹೆಬ್ಬೆಟ್ಟು ಒತ್ತಲು ಬರಲಿಲ್ಲ. ಮನೆಯಲ್ಲೂ ಇರಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ. ಓಡಿಹೋದ ನೋಡು!" ಅಂದರು ಸಾಹೇಬರು. ಮುಂದಿನ ಸೋಮವಾರ ಡಿವೈಎಸ್ಪಿಯವರ ವಾರ್ಷಿಕ ಇನ್‌ಸ್ಪೆಕ್ಷನ್ ಇತ್ತು. ಅಷ್ಟರೊಳಗೆ ಅವನನ್ನು ಹಿಡಿದು, ಹಳೆಯ ದೂರುಗಳನ್ನೆಲ್ಲ ಅವನ ತಲೆಗೆ ಕಟ್ಟಿ, ಗ್ರಾಫಿನ ಪಕ್ಕದಲ್ಲಿ ನಿಲ್ಲಿಸಬೇಕು ಅನ್ನುವುದು ಅವರ ಆಸೆ. ನಿಲ್ಲಿಸಿದ್ದರೆ ಅವನು ಜೈಲಿಗೆ ಹೋಗುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ.

ಗುರುವಾರ ಸಂಜೆ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಹಂಡೆ, ಕೊಡ ಎಲ್ಲ ತೊಳೆದು ನೀರು ತುಂಬಿ ಪೂಜೆ ಮಾಡುವ ದಿನ. ಅವ್ವ ಕೂಗಿದಳು: "ಏ ತಿಪ್ಪೇಶಿ, ಅಟ್ಟ ಹತ್ತೋ. ಹಂಗೇ ಆ ದೊಡ್ಡ ತಪ್ಲೇನೂ ಇಳ್ಸು, ಹಬ್ಬದ ಹುಗ್ಗಿಗೆ ಬೇಕು."

ಹತ್ತಿದೆ. ವರ್ಷಗಟ್ಟಲೆಯ ಧೂಳು, ಜೇಡರ ಬಲೆ. ಹಂಡೆ ಸಿಕ್ಕಿತು, ಕೊಡಗಳು ಸಿಕ್ಕವು, ತಪ್ಪಲೆ ಇಲ್ಲ.

"ಇಲ್ಲವ್ವಾ."

"ಇಲ್ಲ ಅಂದ್ರೆ ಹೆಂಗೋ? ಅಯ್ಯೋ ಶಿವನೇ! ಅವನದೇ ಕೆಲ್ಸ, ಆ ಕಲಾಯಿ ಸಾಬಂದು! ನೀನೇ ಬರ್ದೀಯಲ್ಲೋ, ಅವ್ನು ಬಂದಾಗೇ ಪಾತ್ರೆ ಹೋಗ್ತಾವೆ ಅಂತ!"

ಅಟ್ಟದ ಮೇಲೆ ಬಗ್ಗಿ ಕೂತಿದ್ದ ನನಗೆ ಯಾಕೋ ಕೆಳಗಿಳಿಯಲು ಆಗಲಿಲ್ಲ. ಕೆಳಗೆ ದೀಪ ಹಚ್ಚಿದ್ದರು. ಆ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಹಂಡೆ ಎತ್ತಿದ ಕಡೆ ಗುಂಡಗೆ ಒಂದು ಚೊಕ್ಕ ಗುರುತು ಉಳಿದಿತ್ತು, ಕೊಡ ಎತ್ತಿದ ಕಡೆಯೂ ಉಳಿದಿತ್ತು. ತಪ್ಪಲೆ ಇರಬೇಕಾದ ಜಾಗದಲ್ಲಿ ಮಾತ್ರ ಗುರುತೇ ಇಲ್ಲ. ಬೇರೆಲ್ಲ ಕಡೆ ಇದ್ದಷ್ಟೇ ಧೂಳು ಅಲ್ಲೂ ಇತ್ತು.

"ಅವ್ವಾ, ತಪ್ಲೆ ಕೊನೇಗೆ ಕಣ್ಣಾರೆ ಕಂಡಿದ್ದು ಯಾವಾಗ?"

"ಹೋದ ದೀಪಾವಳಿಗೆ..." ಅಂದಳು. ಸ್ವಲ್ಪ ತಡೆದು, "ಇಲ್ಲ, ಹೋದ ಸಲ ಸೂತಕ ಇತ್ತಲ್ಲ, ಇಳಿಸ್ಲಿಲ್ಲ. ಅದ್ರ ಹಿಂದಿನ ವರ್ಷ... ಏನೋಪ್ಪ, ನೆನಪಿಲ್ಲ," ಅಂದಳು.

ಅವ್ವ ಈಗಲೇ ಠಾಣೆಗೆ ಬಂದಿದ್ದರೆ ನಾನು ಏನು ಬರೆಯುತ್ತಿದ್ದೆ? ಕಳವಾದ ದಿನ: ಇವತ್ತು. ಅನುಮಾನ: ಮೌಲಾಸಾಬ. ನಾಲ್ಕು ವರ್ಷದಿಂದ ಹಾಗೆಯೇ ಬರೆದಿದ್ದೆ. ಪಾತ್ರೆ ಹೋದ ದಿನವನ್ನು ನಾನು ಒಮ್ಮೆಯೂ ಬರೆದಿರಲಿಲ್ಲ, ಇಲ್ಲ ಅಂತ ಗೊತ್ತಾದ ದಿನವನ್ನು ಬರೆದಿದ್ದೆ.

ಮಾರನೇ ದಿನ ಬೆಳಿಗ್ಗೆ ಸುದ್ದಿ ಬಂತು, ಮೌಲಾಸಾಬ ಹರಿಹರದಲ್ಲಿದ್ದಾನೆ ಅಂತ. "ಕೈಗೆ ಹಗ್ಗ ಹಾಕಿ ಕರ‍್ಕೊಂಡ್ ಬಾ," ಅಂತ ಸಾಹೇಬರು ಒಬ್ಬ ಪೇದೆಗೆ ಹೇಳುತ್ತಿದ್ದರು. ನಾನೇ ಹೋಗುತ್ತೇನೆ ಅಂದೆ. ರೈಟರ್ ಆದವನು ಠಾಣೆ ಬಿಟ್ಟು ಹೋಗುವುದು ಅಪರೂಪ. ಅವರಿಗೆ ನನ್ನ ಉತ್ಸಾಹ ಕಂಡು ಖುಷಿಯೇ ಆಯಿತು.

ಹರಿಹರದ ಹೊಳೆಯ ಮೇಲೆ ಅವತ್ತು ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಲ್ಲಿನ ಸೇತುವೆಯ ಕಮಾನುಗಳು ಅರ್ಧ ಕಾಣುತ್ತಿದ್ದವು, ಅರ್ಧ ಇಲ್ಲ. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೊರಟ ಭಕ್ತರು ಗಾಡಿ ಬಿಟ್ಟು ದಡದಲ್ಲಿ ಅಡಿಗೆ ಹೂಡಿದ್ದರು. ಅವರ ಪಾತ್ರೆಗಳನ್ನು ಮುಂದೆ ಗುಡ್ಡೆ ಹಾಕಿಕೊಂಡು ಮೌಲಾಸಾಬ ಕೂತಿದ್ದ. ಬೀಬಿಜಾನ್ ತಿದಿ ಒತ್ತುತ್ತಿದ್ದಳು. ಬಿಳಿ ಹೊಗೆ ಎದ್ದು ಮಂಜಿನೊಳಗೆ ಸೇರಿಕೊಳ್ಳುತ್ತಿತ್ತು. ನನ್ನ ಖಾಕಿ ಕಂಡು ಆಕೆಯ ಕೈ ನಿಂತಿತು.

"ಬರ್ರಿ ಸಾಹೇಬ್ರ, ಕೂಡ್ರಿ," ಅಂದ ಮೌಲಾಸಾಬ. "ಓಡಿ ಬಂದಿಲ್ರಿ. ಅಲ್ಲಿ ಯಾರೂ ಪಾತ್ರೆ ಕೊಡಾಂಗಿಲ್ಲ. ಇಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ, ಅದಕ್ಕೇ ಕೊಡ್ತಾರೆ. ಈ ನಾಕು ಪಾತ್ರೆ ಮುಗಿಸ್ಕೊಡ್ತೀನಿ, ಆಮ್ಯಾಲೆ ಹಗ್ಗ ಹಾಕ್ರಿ. ಅವ್ರಿಗೆ ಅಡಿಗಿ ಆಗ್ಬೇಕು."

ನಾನು ಹೊಳೆಯ ಮೆಟ್ಟಿಲ ಮೇಲೆ ಕೂತೆ. ಜೇಬಿನಿಂದ ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷ ಬಂದಿದ್ದ ಹನ್ನೊಂದು ದೂರುಗಳನ್ನು ಬರೆದುಕೊಂಡು ಹೋಗಿದ್ದೆ. ಮೊದಲನೆಯದು ಓದಿದೆ: ಹಳೇಪೇಟೆ ಬಸಪ್ಪನವರ ಮನೆ, ಹಿತ್ತಾಳೆ ಕೊಳಗ.

ಅವನು ಕಣ್ಣು ಮುಚ್ಚಿಕೊಂಡ. ಕೈ ಮಾತ್ರ ಪಾತ್ರೆ ತಿಕ್ಕುತ್ತಲೇ ಇತ್ತು. "ಒಂದು ಕಿವಿ ಸಡ್ಲ ಐತೆ ಅದ್ರದ್ದು. ದೂರು ಕೊಟ್ಟಿದ್ದು ಹೋದ ವರ್ಷ ಅಲ್ವ್ರಾ? ಅದ್ರ ಹಿಂದಿನ ವರ್ಷಾನೂ ಅದು ನನ್ ತಾವ ಬರ್ಲಿಲ್ರಿ. ಕೊಳಗ ಎಲ್ರೀ ಅಮ್ಮಾರೇ ಅಂತ ಕೇಳ್ದೆ. ಮ್ಯಾಲೈತೆ, ಈ ಸಲ ಬ್ಯಾಡ ಅಂದ್ರು."

ಎರಡನೆಯದು ಓದಿದೆ. ಮೂರನೆಯದು. ಅಕ್ಷರ ಬಾರದ ಆ ಮನುಷ್ಯ ಒಂದೊಂದು ಮನೆಯ ಪಾತ್ರೆಯನ್ನೂ ಎದುರಿಗಿಟ್ಟುಕೊಂಡ ಹಾಗೆ ಹೇಳುತ್ತಾ ಹೋದ. ಯಾವುದರ ಕಂಠದಲ್ಲಿ ತಗ್ಗು ಬಿದ್ದಿದೆ, ಯಾವುದಕ್ಕೆ ತವರ ನಿಲ್ಲುವುದಿಲ್ಲ, ಯಾವ ಮನೆಯ ಸೊಸೆ ಬಂದ ಮೇಲೆ ಯಾವ ಪಾತ್ರೆ ಸೀದಿದೆ. ಹೊಳೆ ಹರಿಯುತ್ತಿತ್ತು, ಅವನ ದನಿಯೂ ಅದೇ ನಡಿಗೆಯಲ್ಲಿ ಹರಿಯುತ್ತಿತ್ತು. ನನಗೆ ನನ್ನ ಊರೇ ತಲೆಕೆಳಗಾಗಿ, ಬರೀ ಪಾತ್ರೆಗಳ ಊರಾಗಿ, ನೀರಿನೊಳಗೆ ಕಂಡಂತಾಯಿತು. ಹನ್ನೊಂದರಲ್ಲಿ ಎಂಟು ಪಾತ್ರೆಗಳು ದೂರಿಗೆ ಒಂದು ವರ್ಷ ಮುಂಚಿನಿಂದಲೇ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೂ ನಾನು ಪೊಲೀಸಿನವನು. ಬಾಯಿಗೆ ಬಂದದ್ದು ಹೇಳುತ್ತಿದ್ದರೆ? ಪರೀಕ್ಷೆ ಮಾಡಲು ಕೇಳಿದೆ: "ನಮ್ಮನೆ ದೊಡ್ಡ ತಪ್ಪಲೆ?"

ಮೌಲಾಸಾಬ ನಕ್ಕ. "ತಳಕ್ಕೆ ಬೆಸುಗೆ ಐತಲ್ಲ, ಅದಾ? ಅದು ಲೋಕಿಕೆರೆ ಮದ್ವೀಗೆ ಹೋಗಿತ್ರಿ. ವಾಪಸ್ ಬಂದಿಲ್ಲ ಅಂತ ನಿಮ್ಮವ್ವಾರೇ ಎರಡು ವರ್ಷದ ಹಿಂದೆ ಹೇಳಿದ್ರು. ಬಂತಾ?"

ನಾಚಿಕೆಯಾಯಿತು, ಹೊಳೆಗೆ ಹಾರೋಣ ಅನ್ನುವಷ್ಟು ನಾಚಿಕೆಯಾಯಿತು. ಹಗ್ಗ ಜೇಬಿನಲ್ಲೇ ಉಳಿಯಿತು. ನಾಲ್ಕು ಪಾತ್ರೆ ಮುಗಿದ ಮೇಲೆ ಮೂರೂ ಜನ ಪ್ಯಾಸೆಂಜರ್ ರೈಲಿನಲ್ಲಿ ವಾಪಸ್ ಬಂದೆವು. ಸಾಹೇಬರು ಅವನನ್ನು ಲಾಕಪ್ಪಿಗೆ ಹಾಕಲಿಲ್ಲ, ಹಬ್ಬ ಅಂತ ಕರುಣೆ ತೋರಿಸಿ ಸೋಮವಾರದವರೆಗೆ ಹಗಲೆಲ್ಲ ಠಾಣೆಯ ಜಗಲಿಯ ಮೇಲೆ ಕೂರಿಸಿದರು. ಬೀದಿಯಲ್ಲಿ ಹೋಗುವ ಬರುವವರೆಲ್ಲ ನೋಡಿಕೊಂಡು ಹೋದರು.

ಅಮಾವಾಸ್ಯೆಯ ದಿನ ಬಾಡಿಗೆ ಸೈಕಲ್ಲಿನಲ್ಲಿ ಲೋಕಿಕೆರೆಗೆ ಹೋದೆ. ಆ ಮದುವೆ ನಡೆದಿದ್ದ ಅತ್ತೆಯ ಮನೆಯ ಕೋಣೆಯಲ್ಲಿ ನಮ್ಮ ತಪ್ಪಲೆ ಹುರುಳಿ ತುಂಬಿಕೊಂಡು ನೆಮ್ಮದಿಯಾಗಿ ಕೂತಿತ್ತು. "ಕೊಟ್ಟು ಕಳಿಸ್ಬೇಕು ಅಂತಿದ್ದೆ ಕಣಪ್ಪ," ಅಂದಳು ಅತ್ತೆ. ಪಾಡ್ಯದ ದಿನ, ಜನ ಹಬ್ಬದೂಟ ಮಾಡುವ ಹೊತ್ತಿನಲ್ಲಿ, ಹನ್ನೊಂದು ಮನೆಗಳ ಬಾಗಿಲು ತಟ್ಟಿ ಒಂದೇ ಪ್ರಶ್ನೆ ಕೇಳಿದೆ: ಕೊನೆಗೆ ಕಣ್ಣಾರೆ ಕಂಡದ್ದು ಯಾವಾಗ? "ಮಗಳ ಬಾಣಂತನದಾಗೆ" ಅಂದರು ಒಬ್ಬರು. ಮಗಳ ಮಗು ಅಲ್ಲೇ ಅಂಗಳದಲ್ಲಿ ಓಡಾಡುತ್ತಿತ್ತು. "ಯಾವ್ದೋ ಯುಗಾದಿಗೆ ಇತ್ತೇನೋ" ಅಂದರು ಇನ್ನೊಬ್ಬರು. ಎರಡು ಮನೆಗಳಲ್ಲಂತೂ ಕಳವಾದ ಪಾತ್ರೆ ಒಲೆಯ ಮೇಲೇ ಇತ್ತು! ಒಂದು ಅವರ ಸೋದರಮಾವನ ಮನೆಯಲ್ಲೇ ಸಿಕ್ಕಿತಂತೆ. ಠಾಣೆಗೆ ಯಾಕೆ ಹೇಳಲಿಲ್ಲ ಅಂದರೆ, "ಅಯ್ಯ, ಸಿಕ್ಕೈತೆ ಅಂತ ಹೇಳಾಕೆ ಯಾರಾದ್ರೂ ಸ್ಟೇಷನ್ನಿಗೆ ಬರ್ತಾರಾ?" ಅಂದಳು ಮನೆಯಾಕೆ. ನನ್ನ ರಿಜಿಸ್ಟರಿನಲ್ಲಿ ಆ ಎರಡೂ ಇನ್ನೂ ಕಳವಾಗೇ ಇದ್ದವು.

ಸೋಮವಾರ ಡಿವೈಎಸ್ಪಿಯವರು ಬಂದರು. ಬೆಳಿಗ್ಗೆಯೇ ಸಾಹೇಬರಿಗೆ ಎಲ್ಲ ಹೇಳಲು ಹೋಗಿದ್ದೆ. "ಇನ್‌ಸ್ಪೆಕ್ಷನ್ ಆಗ್ಲಿ, ಆಮೇಲೆ ನೋಡೋಣ," ಅಂದುಬಿಟ್ಟಿದ್ದರು. ಗೋಡೆಯ ಮೇಲೆ ಗ್ರಾಫು, ಅದರ ಕೆಳಗೆ ಕೈಕಟ್ಟಿಕೊಂಡು ಮೌಲಾಸಾಬ. ಡಿವೈಎಸ್ಪಿಯವರು ಬೆತ್ತದ ತುದಿಯಿಂದ ಗೆರೆಯನ್ನು ಮುಟ್ಟಿ, "ಯಾರು ಬರೆದದ್ದು? ಚೆನ್ನಾಗಿದೆ. ಇಲ್ಲಿ ಯಾಕೆ ಇಷ್ಟು ಏರಿದೆ?" ಅಂತ ಕೇಳಿದರು. ಸಾಹೇಬರು ನನ್ನನ್ನು ಮುಂದಕ್ಕೆ ತಳ್ಳಿದರು.

ಸುಮ್ಮನಿದ್ದರೆ ಬಡ್ತಿ, ಬಾಯಿ ಬಿಟ್ಟರೆ ಏನೋ. ಮೌಲಾಸಾಬ ನನ್ನ ಕಡೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ.

"ಸರ್, ಅದು ಕಳ್ಳತನದ ಗೆರೆ ಅಲ್ಲ. ಹೆಂಗಸರು ಅಟ್ಟ ಹತ್ತಿದ ಗೆರೆ," ಅಂದೆ.

ಆಮೇಲೆ ನಾನು ನಿಲ್ಲಿಸಲಿಲ್ಲ. ವರ್ಷಕ್ಕೊಮ್ಮೆ ಪಾತ್ರೆ ಇಳಿಸುವುದು, ಅವತ್ತೇ ಇಲ್ಲ ಅಂತ ಗೊತ್ತಾಗುವುದು, ಅವತ್ತೇ ಕಲಾಯಿಯವನು ಬಾಗಿಲಲ್ಲಿ ನಿಂತಿರುವುದು, ಗೊತ್ತಾದ ದಿನವನ್ನೇ ಕಳವಿನ ದಿನ ಅಂತ ನಾನು ಬರೆದದ್ದು, ಹನ್ನೊಂದು ಮನೆಗಳ ಉತ್ತರ, ಕೊನೆಗೆ ಹುರುಳಿ ತುಂಬಿದ ತಪ್ಪಲೆ, ಎಲ್ಲ ಒಪ್ಪಿಸಿದೆ. ಡಿವೈಎಸ್ಪಿಯವರು ಬೆತ್ತದ ತುದಿಯನ್ನು ಮತ್ತೊಮ್ಮೆ ಗೆರೆಯ ಮೇಲೆ ಆಡಿಸಿದರು. "ನಮ್ಮ ಮನೇಲೂ ವರ್ಷಕ್ಕೆ ಒಂದೇ ಸಲ ಇಳಿಸೋದು," ಅಂದರು, ಯಾರಿಗೆ ಅಂತಲ್ಲದೆ. ಮೌಲಾಸಾಬನ ಕಡೆ ತಿರುಗಿ, "ನೀನು ಮನೆಗೆ ಹೋಗಪ್ಪ," ಅಂದರು. ಇನ್ನು ಮುಂದೆ ಕಳವಿನ ದೂರಿನಲ್ಲಿ "ವಸ್ತು ಕೊನೆಯದಾಗಿ ಕಂಡ ದಿನ" ಅಂತ ಒಂದು ಸಾಲು ಬರೆಯಬೇಕು ಅಂತ ಷರಾ ಹಾಕಿ ಹೋದರು. ನಮ್ಮ ಸಾಹೇಬರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬರಲು ಮತ್ತೆ ಐದು ವರ್ಷ ಹಿಡಿಯಿತು. ನಿಜವಾಗಿ ಕಳವಾದ ಪಾತ್ರೆಗಳೂ ಕೆಲವು ಇದ್ದವು. ಅವನ್ನು ಕದ್ದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಶೀಟ್ ಮುಚ್ಚುವ ಆದೇಶ ಬಂದದ್ದು ಮಾರನೇ ವರ್ಷದ ಮಳೆಗಾಲದಲ್ಲಿ. ಆದರೆ ಬೀದಿಯ ಬಾಗಿಲುಗಳಿಗೆ ಆದೇಶ ಹೊರಡಿಸುವವರು ಯಾರು? ದೀಪಾವಳಿ ಹತ್ತಿರ ಬಂದರೂ ಬೇವಿನ ಮರದ ಕೆಳಗೆ ಮೌಲಾಸಾಬ ಸುಮ್ಮನೆ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಆ ತಪ್ಪಲೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಸಂತೆ ನೆರೆಯುವ ಹೊತ್ತಿನಲ್ಲಿ, ಹತ್ತಿರದ ಸಂದಿ ಬಿಟ್ಟು ದೊಡ್ಡ ಬೀದಿಯನ್ನೇ ಸುತ್ತಿ ಹೊರಟಳು. ಕೇಳಿದವರಿಗೆಲ್ಲ, "ಕಲಾಯಿಗೆ ಕಣಮ್ಮ. ನನ್ ಮರೆವಿಗೆ ಆವಯ್ಯನ್ನ ಬೈದ್ಬಿಟ್ಟಿದ್ದೆ," ಅಂತ ಗಟ್ಟಿಯಾಗಿ ಹೇಳಿದಳು. ನಾನು ಕೊಡಗಳನ್ನು ಹಿಡಿದು ಹಿಂದೆ ಹೋದೆ. ಸಂಜೆಯ ಹೊತ್ತಿಗೆ ಮರದ ಕೆಳಗೆ ಮೂರು ಮನೆಯ ಪಾತ್ರೆಗಳಿದ್ದವು. ನನ್ನ ತಪ್ಪನ್ನು ಅವ್ವ ಒಪ್ಪಿಕೊಂಡಳು. ನಾನು ಮಾತ್ರ "ತಪ್ಪಾಯ್ತು ಮೌಲಾಸಾಬ" ಅನ್ನುವ ಎರಡು ಶಬ್ದ ಕೊನೆಗೂ ಆಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಆಮೇಲೆ ದಶಕಗಳ ಕಾಲ ಇಲಾಖೆಯಲ್ಲಿದ್ದೆ. ಅಪರಾಧ ಏರಿತು, ಇಳಿಯಿತು ಅನ್ನುವ ತಖ್ತೆಗಳು ಸಾವಿರ ಬಂದವು. ಪ್ರತಿಯೊಂದರ ಅಂಚಿನಲ್ಲೂ ಕೆಂಪು ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆಯುತ್ತಿದ್ದೆ: ಅಟ್ಟ ಹತ್ತಿದ್ದು ಯಾವತ್ತು, ಹತ್ತಿದವರು ಯಾರು? ಕೆಳಗಿನವರು ನನಗೆ ಅಟ್ಟದ ಸಾಹೇಬರು ಅಂತ ಹೆಸರಿಟ್ಟಿದ್ದರು. ಇಡಲಿ. ಮನುಷ್ಯ ಕಳ್ಳತನ ಯಾಕೆ ಮಾಡುತ್ತಾನೆ ಅನ್ನುವುದು ನನಗೆ ಕೊನೆಗೂ ಪೂರ್ತಿ ತಿಳಿಯಲಿಲ್ಲ. ಮಾಡದವನನ್ನು ಕಳ್ಳ ಮಾಡುವುದು ಎಷ್ಟು ಸುಲಭ ಅನ್ನುವುದು ಮಾತ್ರ ತಿಳಿಯಿತು. ಅದಕ್ಕೆ ಒಂದು ಗ್ರಾಫ್ ಹಾಳೆ, ಒಬ್ಬ ಜಂಬದ ರೈಟರ್ ಸಾಕು.

ಅವ್ವ ತಪ್ಪಲೆ ಹೊತ್ತು ಹೋದ ಆ ದಿನ ಮರದ ಕೆಳಗೆ ಮೌಲಾಸಾಬ ತಪ್ಪಲೆಯನ್ನು ಬೆಂಕಿಗಿಟ್ಟು, ನವಸಾಗರ ಉದುರಿಸಿ, ತಿಕ್ಕಿದ. ಹೊಗೆ ಸರಿಯಿತು. ಅಷ್ಟು ವರ್ಷದ ಕರಿ ಎಲ್ಲಿ ಹೋಯಿತೋ, ಒಳಗೆ ನನ್ನ ಮುಖ ಕಾಣುತ್ತಿತ್ತು.

"ಸಾಹೇಬ್ರ, ನಿಮ್ ಪುಸ್ತಕದಾಗಿಂದ ನನ್ ಹೆಸ್ರು ಅಳಿಸಿದ್ರಾ?" ಅಂತ ಕೇಳಿದ.

ಪೊಲೀಸ್ ದಾಖಲೆಯಲ್ಲಿ ಅಳಿಸುವ ಹಾಗಿಲ್ಲ. ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಮಾಡಬೇಕು. ಗೆರೆಯ ಕೆಳಗಿನ ಹೆಸರು ಓದುವಂತೆಯೇ ಇರಬೇಕು. ಅದೇ ನಿಯಮ. ಅವನಿಗೆ ಅದನ್ನೇ ಹೇಳಿದೆ.

ಅವನು ತಪ್ಪಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾದ್ರೆ ನಿಮ್ ಪುಸ್ತಕಕ್ಕೆ ಕಲಾಯಿ ಹತ್ತಾಂಗಿಲ್ಲ ಅನ್ರಿ," ಅಂದು, ಇನ್ನೊಂದು ಪಾತ್ರೆಗೆ ಕೈ ಚಾಚಿದ.